ಹೊಗೆಯಿಲ್ಲದ ಲೋಕದಲ್ಲಿ ಮಂಕಾಳಿ

ಒಂದು ಕಂಪನಿ ಹುಟ್ಟದೇ ಇದ್ದಿದ್ದರೆ ನಿಮ್ಮ ಮನೆ ಮುಳುಗುತ್ತಿತ್ತೋ ಇಲ್ಲವೋ? ಇಂಥ ಪ್ರಶ್ನೆಯನ್ನು ಹಿಂದೆ ಕುಡುಕರು ಮಾತ್ರ ಕೇಳುತ್ತಿದ್ದರು. ಕಾರವಾರದಲ್ಲಿ ಜೋಡಿಯಂತ್ರ ಬಂದ ಮೇಲೆ ನ್ಯಾಯಾಧೀಶರು ಕೇಳತೊಡಗಿದರು.

ಆ ಯಂತ್ರದ ಕೆಲಸ ಹೇಳಲಿಕ್ಕೆ ಸುಲಭ. ಅದರೊಳಗೆ ಎರಡು ಭೂಮಿಗಳಿವೆ. ಒಂದು ನಾವು ಬದುಕುತ್ತಿರುವ ಭೂಮಿ. ಇನ್ನೊಂದರಲ್ಲೂ ಅದೇ ಕಡಲು, ಅದೇ ಬೆಟ್ಟ, ಅದೇ ಹೊಳೆ. ಆದರೆ ನ್ಯಾಯಾಲಯ ಹೆಸರಿಸಿದ ಚಿಮಣಿಗಳು ಅಲ್ಲಿ ಎಂದೂ ಉರಿದಿಲ್ಲ. ಅವುಗಳ ಹೊಗೆಯನ್ನು ಮೊದಲ ದಿನದಿಂದಲೇ ಗಾಳಿಯಿಂದ ಕಳೆದು, ಎರಡೂ ಭೂಮಿಗಳನ್ನು ಒಂದೇ ದಿನದವರೆಗೆ ಓಡಿಸಿ ತಂದು ನಿಲ್ಲಿಸಿದರೆ, ಇಲ್ಲಿ ನೀರು ಎಷ್ಟಿತ್ತು, ಅಲ್ಲಿ ಎಷ್ಟಿರುತ್ತಿತ್ತು ಎಂಬುದು ತಿಳಿಯುತ್ತದೆ. ಎರಡರ ನಡುವಿನ ಅಂತರ ಆ ಚಿಮಣಿಯವರ ಹೊಣೆ. ಮೊದಮೊದಲು ಯಂತ್ರ ಇಡೀ ಸಮುದ್ರಕ್ಕೆ ಒಂದು ಉತ್ತರ ಹೇಳುತ್ತಿತ್ತು. ಈಗ ಒಂದು ಗದ್ದೆಗೆ, ಒಂದು ತೂಬಿಗೆ ಉತ್ತರ ಹೇಳುತ್ತದೆ. ಮನುಷ್ಯರನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀರು, ಗಾಳಿ, ಮಣ್ಣು, ಅಷ್ಟೇ.

ಯಾವುದೋ ದ್ವೀಪದವರು ಹೂಡಿದ ಮೊಕದ್ದಮೆಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಈ ಯಂತ್ರದ ಮಾತನ್ನು ಸಾಕ್ಷಿ ಎಂದು ಒಪ್ಪಿತು. ಅಲ್ಲಿಂದ ಮುಂದೆ ದೇಶದೇಶಗಳಲ್ಲಿ ಹವಾಮಾನ ಪೀಠಗಳು ಎದ್ದವು. ಕಾರವಾರದಲ್ಲಿ ಒಂದು ಪೀಠ ಬಂತು. ಅದರ ಮುಂದೆ ನಡುಗಜನಿ ಎಂಬ ಊರು ಹೋಗಿ ನಿಂತಿತು. ಊರು ಎನ್ನುವುದು ತಪ್ಪು. ಊರು ನೀರಿನ ಕೆಳಗಿತ್ತು, ಜನ ಮಾತ್ರ ನಿಂತಿದ್ದರು.

ಅಘನಾಶಿನಿ ಕಡಲು ಸೇರುವಲ್ಲಿ ಉಬ್ಬರದ ನೀರು ಬಂದು ಹೋಗುವ ತಗ್ಗು ಗದ್ದೆಗಳಿವೆ. ಅವಕ್ಕೆ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ. ಕಟ್ಟೆಗೊಂದು ಕಲ್ಲಿನ ಬಾಗಿಲು. ಬಾಗಿಲಿಗೆ ಒಂದರ ಮೇಲೊಂದು ಇಳಿಸುವ ಮರದ ಹಲಗೆಗಳು. ಮಳೆಗಾಲದಲ್ಲಿ ಹಲಗೆ ಇಳಿಸಿ, ಉಪ್ಪುನೀರನ್ನು ಹೊರಗಿಟ್ಟು ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಹಲಗೆ ಎತ್ತಿ, ಉಬ್ಬರದ ಜೊತೆ ಬರುವ ಸಿಗಡಿಯನ್ನು ಒಳಗೆ ಬಿಟ್ಟುಕೊಂಡು, ಇಳಿತಕ್ಕೆ ಬಾಗಿಲಲ್ಲಿ ಬಲೆ ಕಟ್ಟುತ್ತಾರೆ. ಭತ್ತದ ಕೊನೆಯ ಹೊರೆ ಕಟ್ಟೆ ದಾಟುವ ತನಕ ಯಾರೂ ಹಲಗೆ ಮುಟ್ಟಬಾರದು. ಇದು ಊರ ಕಟ್ಟಳೆ. ಬಾಗಿಲು ಕಾಯುವ ಕೆಲಸ ವರ್ಷಕ್ಕೊಂದು ಮನೆಯಂತೆ ಸರದಿಯಲ್ಲಿ ಬರುತ್ತದೆ. ಆ ವರ್ಷ ಜಟ್ಟಿ ಪಟಗಾರನ ಮನೆಯ ಸರದಿ.

ಜಟ್ಟಿ ದುಡಿಯುವ ಗಂಡಸು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇತ್ತು. ಮಂಕಾಳಿಯನ್ನು ಮದುವೆಯಾದ ಮೇಲೆ ಆ ಕೋಪ ಇಳಿಯಲಿಲ್ಲ, ಅದಕ್ಕೊಂದು ವಿಳಾಸ ಸಿಕ್ಕಿತು. ಅನ್ನ ಬಿಸಿಯಾದರೂ ಬೈಗುಳ, ಆರಿದರೂ ಬೈಗುಳ. ಅವಳು ಕೇಳಿಸಿಕೊಂಡು ತನ್ನ ಕೆಲಸ ನೋಡುತ್ತಿದ್ದಳು.

ದೀಪಾವಳಿ ಅಮಾವಾಸ್ಯೆ ಬಂತು. ಎಲ್ಲರ ಕೊಯ್ಲೂ ಮುಗಿದಿತ್ತು. ಊರ ಹಿರಿಯ ಹಮ್ಮಣ್ಣ ಗೌಡನ ಗದ್ದೆಯಲ್ಲಿ ಮಾತ್ರ ಕಗ್ಗ ಇನ್ನೂ ನಿಂತಿತ್ತು. ಅಮಾವಾಸ್ಯೆಯ ದೊಡ್ಡ ಉಬ್ಬರ ತಪ್ಪಿದರೆ ಮತ್ತೆ ಹುಣ್ಣಿಮೆಯ ತನಕ ಕಾಯಬೇಕು. ಒಬ್ಬನ ಸೋಮಾರಿತನಕ್ಕೆ ತಾನೇಕೆ ಕಾಯಬೇಕೆಂದು ಜಟ್ಟಿ ಬೆಳಿಗ್ಗೆ ಯಾರಿಗೂ ಹೇಳದೆ ಹಲಗೆಗಳನ್ನು ಎತ್ತಿ ಕಟ್ಟೆಯ ಮೇಲಿಟ್ಟ. ಹೆಂಡತಿಯನ್ನು ಅಲ್ಲಿ ಕೂರಿಸಿ, ಸಿಗಡಿಗೆ ಹಾಕುವ ಮಂಜುಗಡ್ಡೆ ತರಲು ಕುಮಟೆಗೆ ಹೋದ. ಕಡಲಲ್ಲಿ ಚಂಡಮಾರುತ ಇತ್ತು. ಆದರೆ ಅದು ಗುಜರಾತಿನ ಕಡೆ ಹೊರಟಿದೆ ಎಂದು ರೇಡಿಯೋ ಹೇಳಿತ್ತು. ಮಧ್ಯಾಹ್ನ ಅದು ಮುಖ ತಿರುಗಿಸಿತು.

ಮಂಕಾಳಿ ಫೋನು ಮಾಡಿದಾಗ ಜಟ್ಟಿ ಮಂಜುಗಡ್ಡೆಯವನ ಜೊತೆ ಜಗಳದಲ್ಲಿದ್ದ.

"ನೀರಿನ ಬಣ್ಣ ಸಮ ಇಲ್ಲ. ಹಲಗೆ ಇಳಿಸ್ಲಾ?" ಎಂದಳು.

"ನಾ ಬರೂತನಕ ಹಲಗೆ ಮುಟ್ಟಿದ್ರೆ ಕೈ ಮುರೀತೆ," ಎಂದು ಇವನು ಫೋನು ಇಟ್ಟ.

ಅವಳು ಕಾದಳು. ಎಷ್ಟು ಹೊತ್ತು ಕಾದಳು ಎಂದು ಯಾರಿಗೂ ಗೊತ್ತಿಲ್ಲ. ನೀರು ರಭಸ ಹಿಡಿದ ಮೇಲೆ ಇಬ್ಬರು ಗಂಡಸರು ಸೇರಿದರೂ ಹಲಗೆ ಇಳಿಸಲಿಕ್ಕೆ ಆಗುವುದಿಲ್ಲ. ಆದರೂ ಅವಳು ಒಂದು ಹಲಗೆ ಇಳಿಸಿದ್ದಳು. ಎರಡನೆಯದನ್ನು ಹಿಡಿದುಕೊಂಡಿದ್ದಾಗ ಬಾಗಿಲ ಪಕ್ಕದ ಕಟ್ಟೆ ಒಡೆಯಿತು. ಹಲಗೆಯ ಸಮೇತ ಅವಳು ದೂರದಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸಿಕ್ಕಳು. ಉಳಿದವರು ಶಾಲೆಯ ಮಹಡಿ ಹತ್ತಿ ಬದುಕಿದರು. ಮನೆಗಳು, ಗದ್ದೆಗಳು, ಬಾವಿಗಳು ಎಲ್ಲ ಹೊಳೆಯ ಪಾಲಾದವು. ಸತ್ತದ್ದು ಅವಳೊಬ್ಬಳೇ.

ಹೆದ್ದಾರಿಯ ಪಕ್ಕ ಸರ್ಕಾರ ಹಾಕಿಕೊಟ್ಟ ತಗಡಿನ ಶೆಡ್ಡುಗಳಲ್ಲಿ ಊರು ಕೂತಿತು. ಅಲ್ಲಿ ಒಂದು ದಿನ ಸಭೆ ಸೇರಿತು. ಮೊಕದ್ದಮೆ ನಡೆಸಲು ಒಪ್ಪಿಕೊಂಡಿದ್ದ ವಕೀಲ ಫೆಲಿಕ್ಸ್ ಲೋಪಿಸ್ ಹೊನ್ನಾವರದಿಂದ ಬಂದಿದ್ದರು. ಕಲ್ಲಿದ್ದಲು ಸುಟ್ಟು ಸಿಮೆಂಟು ಮಾಡುವ ಒಂದು ದೊಡ್ಡ ಕಂಪನಿಯ ಮೇಲೆ ಕೇಸು. ಅದರ ಚಿಮಣಿಗಳು ನಾಲ್ಕು ದೇಶಗಳಲ್ಲಿದ್ದವು. ಗೆದ್ದರೆ ಗುಡ್ಡದ ಮೇಲೆ ಹೊಸ ಊರು. ಸೋತರೆ ಇದೇ ತಗಡು. ಫೆಲಿಕ್ಸ್ ಕೇಳಿದ್ದು ಒಂದೇ ಪ್ರಶ್ನೆ. ಆ ದಿನ ಹಲಗೆ ಕೆಳಗಿತ್ತೋ, ಮೇಲಿತ್ತೋ?

ಕಟ್ಟೆ ಒಡೆಯುವ ಮೊದಲೇ ಗದ್ದೆಯಲ್ಲಿ ನೀರು ಕಂಡವರು ಅಲ್ಲೇ ಇದ್ದರು. ಕೊನೆಗೆ ಹಮ್ಮಣ್ಣ ಗಂಟಲು ಸರಿಮಾಡಿಕೊಂಡು, ಹಲಗೆ ಕೆಳಗೇ ಇತ್ತು, ಎಲ್ಲರೂ ಹಾಗೇ ಹೇಳಬೇಕು, ಸತ್ತವಳ ಹೆಸರು ಎತ್ತುವುದು ಬೇಡ ಎಂದ.

ಊರು ತಿಳಿದುಕೊಂಡದ್ದು ಇಷ್ಟು. ಮಂಕಾಳಿ ಹಲಗೆ ಎತ್ತಿ ಮರೆತಳು, ಇಲ್ಲವೇ ನಿದ್ದೆ ಹೋದಳು. ಪಾಪ, ತಪ್ಪಿಗೆ ಜೀವ ತೆತ್ತಳು. ಫೋನಿನ ಮಾತು ಜಟ್ಟಿಯ ಹೊಟ್ಟೆಯಲ್ಲಿತ್ತು. ಹಮ್ಮಣ್ಣ ಅವನ ಹೆಗಲು ತಟ್ಟಿದಾಗ ಜಟ್ಟಿ ತಲೆ ತಗ್ಗಿಸಿದ. ಅದನ್ನು ದುಃಖ ಎಂದು ಜನ ಓದಿಕೊಂಡರು.

ಜಟ್ಟಿಯ ಶೆಡ್ಡಿನಲ್ಲಿ ಇನ್ನೊಂದು ಜೀವ ಇತ್ತು. ಮಂಕಾಳಿಯ ತಾಯಿ ಬೀರಮ್ಮ. ಮಗಳೊಬ್ಬಳನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ, ಈಗ ಅಳಿಯನನ್ನು ಬಿಟ್ಟರೆ ಯಾರೂ ಇಲ್ಲ. ಅವಳು ಬೆಳಿಗ್ಗೆ ಎದ್ದು ಒಲೆ ಹಚ್ಚಿದ ಕೂಡಲೇ ಕಂಪನಿಗೆ ಶಾಪ ಹಾಕುತ್ತಿದ್ದಳು. ಅದರ ಮಾಲೀಕನ ಗಂಟಲಿಗೆ ಅವನದೇ ಸಿಮೆಂಟು ತುಂಬಲಿ, ಅವನ ಹೆಣ ಹೊರಲು ಬಂದವರಿಗೆ ಬೆನ್ನು ಹಿಡಿಯಲಿ ಎಂದು ದಿನಕ್ಕೊಂದು ಹೊಸ ಶಾಪ. ಜಟ್ಟಿ ಗೋಡೆ ನೋಡುತ್ತ ಕೂತು ಕೇಳುತ್ತಿದ್ದ. ಪ್ರತಿ ಶಾಪವೂ ತಗಡಿಗೆ ಬಡಿದು ತನ್ನ ಮೇಲೇ ಬೀಳುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಬೈಯುವುದು ಅವನ ಹುಟ್ಟುಗುಣ. ಈಗ ಬೈಗುಳ ಬಾಯಿಗೇ ಬರುತ್ತಿರಲಿಲ್ಲ.

ಕಾರವಾರದ ಪ್ರಯೋಗಾಲಯದಲ್ಲಿ ರೋಹಿಣಿ ಶಾನಭಾಗ ಜೋಡಿಯಂತ್ರದ ಮುಂದೆ ಕೂತಿದ್ದಳು. ಪೀಠ ನೇಮಿಸಿದ ತಜ್ಞೆ ಅವಳು. ಎರಡೂ ಕಡೆಯವರಿಗೆ ಸೇರಿದವಳಲ್ಲ. ಊರವರು ಹೇಳಿದಂತೆ ಹಲಗೆ ಇಳಿದಿದೆ ಎಂದು ಹಾಕಿ ನಮ್ಮ ಲೋಕವನ್ನು ಓಡಿಸಿದಾಗ, ನೀರು ಕಟ್ಟೆಯ ತಲೆ ದಾಟಿ ಊರಿಗೆ ನುಗ್ಗಿತು. ಹೊಗೆಯಿಲ್ಲದ ಲೋಕದಲ್ಲಿ ದಾಟಲಿಲ್ಲ. ಕೇಸು ಗೆದ್ದಂತೆ. ಆದರೆ ಒಂದು ವಿಷಯ ಕೂಡಿಬರುತ್ತಿರಲಿಲ್ಲ. ನೀರು ತಲೆ ದಾಟಿ ಬಂದಿದ್ದರೆ ಕಟ್ಟೆ ನಡುವಿನ ತಗ್ಗಿನಲ್ಲಿ ಮೊದಲು ಒಡೆಯಬೇಕಿತ್ತು. ಒಡೆದದ್ದು ಬಾಗಿಲ ಪಕ್ಕದಲ್ಲಿ.

ರೋಹಿಣಿ ಯಂತ್ರ ನಿಲ್ಲಿಸಿದಳು. ಇಂಥದ್ದು ಅವಳಿಗೆ ಮೊದಲನೆಯದಲ್ಲ. ದೇಶದೇಶಗಳ ಹವಾಮಾನ ಮೊಕದ್ದಮೆಗಳನ್ನು ಓದುವುದೇ ಅವಳ ಅರ್ಧ ಕೆಲಸ. ಬರಗಾಲದ ಕೇಸು, ಹಿಮ ಕರಗಿ ಕೊಚ್ಚಿಹೋದ ಹಳ್ಳಿಯ ಕೇಸು, ಸೆಕೆಗೆ ಸತ್ತ ಕೂಲಿಗಳ ಕೇಸು. ಬಡವರು ಸೋತ ಕೇಸುಗಳಲ್ಲಿ ಮುಕ್ಕಾಲು ಪಾಲು ಸೋತದ್ದು ಒಂದೇ ರೀತಿ. ತಮ್ಮ ಒಂದು ಸಣ್ಣ ತಪ್ಪನ್ನು ಮುಚ್ಚಿಟ್ಟಿದ್ದರು, ಕಂಪನಿಯ ವಕೀಲರು ಅದನ್ನು ಅಗೆದು ಮೇಜಿನ ಮೇಲಿಟ್ಟಿದ್ದರು. ಎರಡು ವರ್ಷದ ಹಿಂದೆ ಘಟ್ಟದ ಮೇಲಿನ ಒಂದು ಕೇರಿಯ ಗುಡ್ಡ ಕುಸಿದ ಕೇಸಿನಲ್ಲಿ ಯಂತ್ರ ಓಡಿಸಿದ್ದು ಇವಳೇ. ಮೋರಿ ಚೊಕ್ಕಟವಾಗಿತ್ತು ಎಂದು ಅವರು ಹೇಳಿದ್ದರು, ಇವಳು ಹಾಗೇ ಹಾಕಿದ್ದಳು. ಅದು ಪ್ಲಾಸ್ಟಿಕ್ ಚೀಲಗಳಿಂದ ಮುಚ್ಚಿಹೋಗಿತ್ತೆಂದು ವಿಚಾರಣೆಯ ದಿನ ಬಯಲಾಯಿತು. ಇಡೀ ಅರ್ಜಿಯೇ ಸುಳ್ಳೆಂದು ಪೀಠ ತಳ್ಳಿಹಾಕಿತು. ಆ ಕೇರಿಯ ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದು ಇವಳಿಗೆ ಇನ್ನೂ ಕಾಣುತ್ತಿತ್ತು. ಒಮ್ಮೆ ಹೋಗಿ ಮೋರಿ ನೋಡಿದ್ದರೆ ಸಾಕಿತ್ತು. ಹೋಗಿರಲಿಲ್ಲ.

ಈ ಸಲ ಹೋದಳು.

ದೋಣಿ ನಡೆಸಲು ಸಿಕ್ಕವನು ಜಟ್ಟಿಯೇ. ಒಡೆದ ಕಟ್ಟೆಯ ಒಳಬದಿಯಲ್ಲಿ ಇಳಿತದ ಹೊತ್ತು ನೋಡಿ ರೋಹಿಣಿ ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ ಮೇಲೆತ್ತಿದಳು. ಕೊಳವೆಯೊಳಗಿನ ಮಣ್ಣು ಪದರ ಪದರವಾಗಿ ಕಾಣುತ್ತಿತ್ತು. ಕೆಳಗೆ ಗದ್ದೆಯ ಕಪ್ಪು ಮಣ್ಣು. ಅದರ ಮೇಲೆ ತೆಳ್ಳಗೆ ಹರಡಿದ ನುಣ್ಣನೆಯ ಮರಳು. ಅದರ ಮೇಲೆ ಕಟ್ಟೆಯ ಕೆಂಪು ಮಣ್ಣು, ಕಲ್ಲು, ಕಸ.

ಅವಳು ಅದನ್ನು ಜಟ್ಟಿಯ ಮುಂದೆ ಹಿಡಿದು, ನೀರು ಮೊದಲು ಬಾಗಿಲಿನಿಂದ ಮೆಲ್ಲಗೆ ಒಳಗೆ ಬಂದಿದೆ, ಕಟ್ಟೆ ಒಡೆದದ್ದು ಆಮೇಲೆ ಎಂದು ವಿವರಿಸಿದಳು. ಜಟ್ಟಿ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಹಲಗೆ ಯಾರು ಎತ್ತಿದ್ದು?" ಎಂದು ಅವಳು ಕೇಳಿದಳು.

"ನಿಮ್ಮ ಯಂತ್ರಕ್ಕೆ ಎಲ್ಲ ಗೊತ್ತಿತ್ತಲ್ಲ ಅಕ್ಕೋರೇ. ಅದನ್ನೇ ಕೇಳಿ."

"ಯಂತ್ರಕ್ಕೆ ಮನುಷ್ಯರು ಗೊತ್ತಿಲ್ಲ. ಈ ಮಣ್ಣಿನ ವರದಿಯನ್ನು ನಾನು ಪೀಠಕ್ಕೆ ಕೊಡಲೇಬೇಕು, ಕಂಪನಿಯವರಿಗೂ ಪ್ರತಿ ಹೋಗುತ್ತದೆ. ಅವರು ಇದನ್ನು ನಿಮ್ಮ ಮುಂದೆ ಹಿಡಿದು ಕೇಳುವ ಮೊದಲು ನೀವೇ ಹೇಳಿದರೆ ಅದರ ತೂಕ ಬೇರೆ."

"ಸತ್ತವಳ ಹೆಸರು ಹೇಳಿ ಅಂತೀರಾ?"

"ಸತ್ತವರೇ ಎತ್ತಿದ್ದಾ?"

ಜಟ್ಟಿಯ ಕೈಯಲ್ಲಿದ್ದ ಹುಟ್ಟು ದೋಣಿಯ ಅಂಚಿಗೆ ಬಡಿಯಿತು. ಇವಳನ್ನು ಕೆಸರಿಗೆ ನೂಕಿ ಹೋಗಿಬಿಡೋಣ ಎಂಬಷ್ಟು ಸಿಟ್ಟು ಬಂತು ಅವನಿಗೆ. ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕೂತು ಇನ್ನೊಬ್ಬರ ಗದ್ದೆ ಅಗೆಯುವವರನ್ನು ಕುರಿತು ಬಾಯಿಗೆ ಬಂದದ್ದನ್ನೆಲ್ಲ ಆಡಿದ. ಅವಳು ಕೊಳವೆಯ ಬಾಯಿಗೆ ಮುಚ್ಚಳ ಹಾಕುತ್ತ ಕೇಳಿಸಿಕೊಂಡಳು. ಹಾಗೆ ಸುಮ್ಮನೆ ಕೇಳಿಸಿಕೊಂಡು ಕೆಲಸ ಮಾಡುವ ಹೆಂಗಸನ್ನು ಅವನು ಮೊದಲೂ ನೋಡಿದ್ದ. ಮಾತು ಅಲ್ಲಿಗೇ ಕಡಿಯಿತು. ಅವನು ದೋಣಿಯನ್ನು ದಡಕ್ಕೆ ತಿರುಗಿಸಿದ.

ಶೆಡ್ಡಿಗೆ ಬಂದಾಗ ಬೀರಮ್ಮ ಖಾಲಿ ಕೊಡ ಪಕ್ಕಕ್ಕಿಟ್ಟು ಕೂತಿದ್ದಳು. ನಲ್ಲಿಯ ಹತ್ತಿರ ಜಗಳವಾಗಿತ್ತು. ಸಾಲು ತಪ್ಪಿಸಿದಳೆಂದು ಪಕ್ಕದ ಶೆಡ್ಡಿನ ನಾಗು ಕಿರುಚಿದ್ದಳು. ಕೊನೆಗೆ, "ಬಾಗ್ಲು ಕಾಯೂಕೆ ಕೂರ್ಸಿದ್ರೆ ನಿನ್ನ ಮಗಳು ನಿದ್ದೆ ಕಾದ್ಳು, ಈಗ ಊರಿಗೂರೇ ಕೊಡ ಹಿಡ್ಕಂಡು ನಿಂತಿತ್ತು," ಎಂದುಬಿಟ್ಟಿದ್ದಳು. ಅಕ್ಕಪಕ್ಕದವರು ನಾಗುವನ್ನು ಗದರಿಸಿದರು. ಗದರಿಸಿದ್ದು ಬಾಯಿಬಿಟ್ಟು ಹೇಳಿದ್ದಕ್ಕೆ. ಹೇಳಿದ್ದು ಸುಳ್ಳು ಎಂದು ಒಬ್ಬರೂ ಅನ್ನಲಿಲ್ಲ.

ಇದನ್ನೆಲ್ಲ ಹೇಳುವಾಗ ಬೀರಮ್ಮನಿಗೆ ಸಿಟ್ಟಿರಲಿಲ್ಲ. ಅದೇ ಜಟ್ಟಿಗೆ ತಡೆಯಲಾಗದೇ ಹೋದದ್ದು.

"ಅವ್ರು ಹೇಳೂದ್ರಲ್ಲಿ ತಪ್ಪೆಂತ ಇತ್ತು ತಮಾ," ಎಂದಳು ಅವಳು. "ನನ್ನ ಮಗಳ ತಪ್ಪನ್ನ ಊರು ಹೊಟ್ಟೆಗೆ ಹಾಕ್ಕಂಡಿತ್ತು. ನೀನೂ ಒಂದು ದಿನ ಒಂದು ಮಾತು ಆಡ್ಲಿಲ್ಲ. ಮಾತಿಗೆ ಮುಂಚೆ ಬೈಯೂ ಗಂಡಸು ನೀನು. ಹೆಂಡ್ತಿ ಮನೆ ಮುಳುಗ್ಸಿದ್ರೂ ಬಾಯಿ ಬಿಡ್ಲಿಲ್ಲ. ನಿಂದು ದೊಡ್ಡ ಮನಸ್ಸು."

ಜಟ್ಟಿ ತಟ್ಟೆಯ ಮುಂದೆ ಕೂತಿದ್ದ. ಈಗ ಹೇಳಬೇಕು ಎಂದು ಬಾಯಿ ತೆರೆದ. ಅವಳು ಅವನಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವನು ಬಾಯಿ ಮುಚ್ಚಿಕೊಂಡು ಉಂಡ.

ವಿಚಾರಣೆಯ ದಿನ ಊರಿನ ಅರ್ಧ ಜನ ಬಸ್ಸು ಹಿಡಿದು ಕಾರವಾರಕ್ಕೆ ಹೋದರು. ಕಂಪನಿಯ ಮುಖಕ್ಕೆ ಉಗಿಯುವುದನ್ನು ಕಣ್ಣಾರೆ ನೋಡಬೇಕೆಂದು ಬೀರಮ್ಮನೂ ಹೊರಟಳು. ಬೇಡ ಎನ್ನಲು ಜಟ್ಟಿಗೆ ಕಾರಣ ಸಿಗಲಿಲ್ಲ.

ಮಣ್ಣಿನ ವರದಿ ಫೆಲಿಕ್ಸರ ಕೈ ಸೇರಿ ಆಗಲೇ ವಾರವಾಗಿತ್ತು. ಮೆಟ್ಟಿಲ ಬಳಿ ಹಮ್ಮಣ್ಣ, ಜಟ್ಟಿ ಇಬ್ಬರನ್ನೂ ಪಕ್ಕಕ್ಕೆ ಕರೆದು ಅವರು ಪಿಸುಮಾತಿನಲ್ಲಿ ದಾರಿ ಹೇಳಿಕೊಟ್ಟರು. ಹಲಗೆ ಹಳೆಯದು, ಸಂದಿಯಿಂದ ನೀರು ಜಿನುಗುತ್ತಿತ್ತು, ಮರಳು ಬಂದದ್ದು ಹಾಗೆ ಎಂದರೆ ಅಲ್ಲ ಎಂದು ಸಾಧಿಸುವುದು ಕಂಪನಿಗೆ ಕಷ್ಟ. ಹಮ್ಮಣ್ಣ ತಲೆ ಆಡಿಸಿ ಜಟ್ಟಿಯ ಕಡೆ ನೋಡಿದ. ಜಟ್ಟಿ ಅವನ ತಲೆಯ ಮೇಲಿನ ಕಿಟಕಿಯನ್ನು ನೋಡುತ್ತಿದ್ದ.

ಬಾಗಿಲು ಕಾಯುವ ಮನೆಯವನೆಂದು ಅವನನ್ನೇ ಮೊದಲು ಕಟಕಟೆಗೆ ಕರೆದರು. ಎದುರಿಗೆ ಮೂವರು ನ್ಯಾಯಮೂರ್ತಿಗಳು. ನಡುವೆ ಕೂತಿದ್ದ ಹಿರಿಯ ಹೆಂಗಸು ಕನ್ನಡದಲ್ಲೇ ಮಾತಾಡಲು ಹೇಳಿದರು. ಫೆಲಿಕ್ಸ್ ಎದ್ದು, ಆ ದಿನ ಹಲಗೆಗಳು ಇಳಿದೇ ಇದ್ದವಲ್ಲವೇ ಎಂದು ಕೇಳಿದರು. ಉತ್ತರ ಪ್ರಶ್ನೆಯೊಳಗೇ ಇತ್ತು. ಎತ್ತಿಕೊಂಡರೆ ಸಾಕಾಗಿತ್ತು.

ಜಟ್ಟಿ ಹಿಂದಿನ ಬೆಂಚಿನ ಕಡೆ ನೋಡಿದ. ಬೀರಮ್ಮ ಸೆರಗು ಬಿಗಿದುಕೊಂಡು, ಕತ್ತು ಉದ್ದ ಮಾಡಿ, ಅಳಿಯ ಕಂಪನಿಗೆ ಏನು ಹೇಳುತ್ತಾನೆಂದು ಕಾಯುತ್ತಿದ್ದಳು.

"ಇಲ್ಲ," ಎಂದ ಜಟ್ಟಿ. "ಹಲಗೆ ಮೇಲಿತ್ತು. ಎತ್ತಿದ್ದು ನಾನು. ಹಮ್ಮಣ್ಣನ ಭತ್ತ ನಿಂತಿದ್ದು ಗೊತ್ತಿದ್ದೂ ಸಿಗಡಿ ಆಸೆಗೆ ಎತ್ತಿದೆ. ಹೆಂಡ್ತಿ ಫೋನು ಮಾಡಿ ಇಳಿಸ್ಲಾ ಕೇಳ್ತು. ಮುಟ್ಟಿದ್ರೆ ಕೈ ಮುರೀತೆ ಅಂದೆ. ಅದು ನಿದ್ದೆ ಹೋಗಿರ್ಲಿಲ್ಲ. ನನ್ನ ಮಾತಿಗೆ ಹೆದರಿ ಕಾದಿತ್ತು."

ಫೆಲಿಕ್ಸ್ ನಿಂತಲ್ಲೇ ಕೂತರು. ಕೋಣೆಯಲ್ಲಿ ಗುಸುಗುಸು ಎದ್ದಿತು. ಕಂಪನಿಯ ವಕೀಲ ಮೆಲ್ಲಗೆ ಎದ್ದು ಬಂದ. ಅವನಿಗೆ ಆತುರ ಇರಲಿಲ್ಲ. ನಾಲ್ಕು ದೇಶದ ಚಿಮಣಿಗಳನ್ನು ದೂರಲು ಬಂದ ಊರಿಗೆ ತನ್ನ ಒಂದು ಬಾಗಿಲು ಮುಚ್ಚಲು ಆಗಿರಲಿಲ್ಲ ಎಂದ. ನ್ಯಾಯ ಕೇಳುವವನ ಕೈ ಚೊಕ್ಕಟವಾಗಿರಬೇಕು, ಇವರದು ಕೆಸರು ಎಂದ. ಆಮೇಲೆ ಜಟ್ಟಿಯ ಕಡೆ ತಿರುಗಿದ.

"ಹಾಗಾದರೆ ನಿಮ್ಮ ಹೆಂಡತಿಯ ಸಾವಿಗೆ ಯಾರು ಹೊಣೆ? ಪೀಠಕ್ಕೆ ನೀವೇ ಹೇಳಿ."

"ನಾನು," ಎಂದ ಜಟ್ಟಿ.

ವಕೀಲ ಇನ್ನೇನೂ ಕೇಳಬೇಕಿಲ್ಲ ಎಂಬಂತೆ ಕೂರಲು ಹೊರಟ.

"ಕೂರಬೇಡಿ," ಎಂದ ಜಟ್ಟಿ. "ನಾನು ಅಂದೆ. ನಾನೊಬ್ಬನೇ ಅಂತ ಹೇಳ್ಲಿಲ್ಲ."

ಹಿರಿಯ ನ್ಯಾಯಮೂರ್ತಿ ರೋಹಿಣಿಯ ಕಡೆ ನೋಡಿದರು. ರೋಹಿಣಿ ಎದ್ದು ನಿಂತಳು. ಇದುವರೆಗೆ ದೂರುವವರು ತಮ್ಮ ತಪ್ಪು ಮುಚ್ಚುತ್ತಲೇ ಬಂದಿದ್ದಾರೆ, ಆದ್ದರಿಂದ ತಾನು ಎರಡು ಲೋಕಗಳಲ್ಲೂ ಚೊಕ್ಕಟ ಜನರನ್ನೇ ಇಟ್ಟು ಯಂತ್ರ ಓಡಿಸಿದ್ದೇನೆ ಎಂದಳು. ಅಂಥ ಜನ ಯಾವ ಲೋಕದಲ್ಲೂ ಇಲ್ಲ. ಅಪ್ಪಣೆಯಾದರೆ ಹಲಗೆ ಎತ್ತಿದ್ದನ್ನು ಎರಡೂ ಲೋಕಗಳಲ್ಲಿ ಎತ್ತಿದ ಹಾಗೇ ಬಿಟ್ಟು, ಹೊಗೆಯನ್ನು ಮಾತ್ರ ಕಳೆದು ನೋಡುತ್ತೇನೆ ಎಂದಳು.

ಕಂಪನಿಯ ವಕೀಲನಿಗೆ ಈಗ ಆತುರ ಬಂತು. ಇದು ಹಿಂದೆ ಯಾವ ನ್ಯಾಯಾಲಯದಲ್ಲೂ ನಡೆದಿಲ್ಲ, ಕಳ್ಳನನ್ನು ಕಳ್ಳತನದ ಸಮೇತ ಇನ್ನೊಂದು ಲೋಕಕ್ಕೆ ಕಳಿಸಿದಂತೆ ಎಂದು ಆಕ್ಷೇಪಿಸಿದ.

"ಹೊಗೆ ಹೋದ ಮಾತ್ರಕ್ಕೆ ಮನುಷ್ಯರು ತಪ್ಪು ಮಾಡುವುದನ್ನು ಬಿಡುತ್ತಾರೆಯೇ?" ಎಂದು ಕೇಳಿದ ನ್ಯಾಯಮೂರ್ತಿ, ಹಾಗೇ ಓಡಿಸಲು ಅಪ್ಪಣೆ ಕೊಟ್ಟರು.

ಯಂತ್ರಕ್ಕೆ ಹತ್ತು ದಿನ ಬೇಕಾಯಿತು. ಆ ಹತ್ತು ದಿನ ಜಟ್ಟಿ ಊರಿನಲ್ಲಿ ಹೇಗಿದ್ದ ಎಂದು ಹೆಚ್ಚು ಹೇಳುವುದು ಬೇಡ. ಹೋಟೆಲಿನಲ್ಲಿ ಅವನು ಕೂತ ಮೇಜಿನಿಂದ ಜನ ಎದ್ದು ಹೋಗುತ್ತಿದ್ದರು. ಹಮ್ಮಣ್ಣ ಒಂದು ಸಂಜೆ ಬಂದು, "ನಿಂಗೆ ಪುಣ್ಯ ಬೇಕಿದ್ರೆ ಗೋಕರ್ಣಕ್ಕೆ ಹೋಗಿ ಮುಳುಗ್ಬೇಕಿತ್ತು. ನಮ್ಮನ್ನ ಯಾಕೆ ಮುಳುಗ್ಸಿದೆ?" ಎಂದು ಕೇಳಿ ಹೋದ. ನಾಗು ಮಾತ್ರ ಬೀರಮ್ಮನ ಕೊಡವನ್ನು ತಾನೇ ತುಂಬಿ ತಂದು ಬಾಗಿಲಲ್ಲಿಟ್ಟು, ಮುಖ ತೋರಿಸದೆ ಹೋದಳು.

ಬೀರಮ್ಮ ಶೆಡ್ಡು ಬಿಟ್ಟು ಹೋಗಲಿಲ್ಲ. ಹೋಗಲಿಕ್ಕೆ ಅವಳಿಗೆ ಜಾಗ ಇರಲಿಲ್ಲ. ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿರಲಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಜಟ್ಟಿ ತಾನೇ ಹಾಕಿಕೊಂಡು ಉಣ್ಣುತ್ತಿದ್ದ. ಬೆಳಗಿನ ಶಾಪ ನಿಂತುಹೋಗಿತ್ತು. ಅವಳು ಇವನ ಹೆಸರು ಹಿಡಿದು ಶಪಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಜಟ್ಟಿ ಒಂದು ದಿನ, "ಅತ್ತೆ, ಬೈಯಿ," ಎಂದ. ಅವಳು ತಿರುಗಿಯೂ ನೋಡಲಿಲ್ಲ.

ಹನ್ನೊಂದನೆಯ ದಿನ ಮತ್ತೆ ಅದೇ ಕೋಣೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ರೋಹಿಣಿ ಎರಡು ನಡುಗಜನಿಗಳನ್ನು ಅಕ್ಕಪಕ್ಕ ತೋರಿಸಿದಳು. ಎರಡರಲ್ಲೂ ಬಾಗಿಲು ತೆರೆದಿತ್ತು. ಎಡಗಡೆಯದು ನಮ್ಮದು. ಅಲ್ಲಿ ಕಡಲು ಮೊದಲೇ ಎತ್ತರ ನಿಂತಿತ್ತು, ಬಿಸಿಯಾದ ನೀರಿನ ಮೇಲೆ ಚಂಡಮಾರುತ ಕೊಬ್ಬಿ, ತಿರುಗಿ, ಉಬ್ಬರ ತುಂಬಿದ ಹೊತ್ತಿಗೆ ಸರಿಯಾಗಿ ಬಂದು ಬಡಿಯಿತು. ಬಾಗಿಲಲ್ಲಿ ನುಗ್ಗಿದ ನೀರು ಪಕ್ಕದ ಮಣ್ಣು ಕೊರೆಯಿತು, ಕಟ್ಟೆ ಕೂತುಹೋಯಿತು. ಬಲಗಡೆ ಹೊಗೆಯಿಲ್ಲದ ಲೋಕ. ಅಲ್ಲೂ ಗಾಳಿ ಬಂತು, ಮಳೆ ಬಂತು. ಆದರೆ ಬಿರುಗಾಳಿ ಸೊರಗಿತ್ತು, ಬರುವಾಗ ಇಳಿತ ಶುರುವಾಗಿತ್ತು. ತೆರೆದ ಬಾಗಿಲಿನಿಂದ ಉಪ್ಪುನೀರು ಗದ್ದೆಗೆ ಹರಡಿ ಹಮ್ಮಣ್ಣನ ಕಗ್ಗವನ್ನು ಮಲಗಿಸಿತು. ಬಾಗಿಲ ಹತ್ತಿರ ನೀರು ಮೊಣಕಾಲಿನಷ್ಟು ಏರಿ, ನಿಂತು, ಇಳಿಯಿತು. ಕಟ್ಟೆ ಹಾಗೇ ಇತ್ತು.

ಜಟ್ಟಿ ಬಲಗಡೆಯ ಚಿತ್ರವನ್ನೇ ನೋಡುತ್ತಿದ್ದ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಯಂತ್ರ ಮನುಷ್ಯರನ್ನು ಬರೆಯುವುದಿಲ್ಲ.

ಫೆಲಿಕ್ಸ್ ಎದ್ದು, ಹೊಗೆ ಇಲ್ಲದಿದ್ದರೆ ಮಂಕಾಳಿ ಬದುಕುತ್ತಿದ್ದಳೇ ಎಂದು ಕೇಳಿದರು. ಆಮೇಲೆ ಕಂಪನಿಯ ವಕೀಲ ಅದನ್ನೇ ತಿರುಗಿಸಿ, ಹಲಗೆ ಇಳಿಸಿದ್ದರೆ ಬದುಕುತ್ತಿದ್ದಳೇ ಎಂದು ಕೇಳಿದ. ರೋಹಿಣಿ ಇಬ್ಬರಿಗೂ ನಿಜವನ್ನೇ ಹೇಳಿದಳು. ಹೊಗೆ ಇಲ್ಲದಿದ್ದರೆ, ಹಲಗೆ ಮೇಲಿದ್ದರೂ, ಬಾಗಿಲ ಬಳಿ ನಿಂತವರು ಸಾಯುತ್ತಿರಲಿಲ್ಲ. ಹೊಗೆ ಇದ್ದಾಗ, ಹಲಗೆಯನ್ನು ಹೊತ್ತಿಗೆ ಸರಿಯಾಗಿ ಇಳಿಸಿದ್ದರೂ ಊರು ಮುಳುಗುತ್ತಿತ್ತು. ಆದರೆ ಬಾಗಿಲ ಬಳಿ ಯಾರೂ ಇರುತ್ತಿರಲಿಲ್ಲ, ಎಲ್ಲರೂ ಶಾಲೆಯ ಮಹಡಿಯ ಮೇಲಿರುತ್ತಿದ್ದರು.

ಹೊಣೆಯೆಂಬುದು ದೋಸೆಯಲ್ಲ, ಹರಿದು ಹಂಚಿದರೆ ಒಬ್ಬೊಬ್ಬನ ಪಾಲು ಸಣ್ಣದಾಗಲಿಕ್ಕೆ. ಇಬ್ಬರ ಮೇಲೂ ಇಡೀ ಹೊಣೆ ಬಿತ್ತು.

ಮಧ್ಯಾಹ್ನದ ಮೇಲೆ ಪೀಠ ತನ್ನ ತೀರ್ಮಾನ ಓದಿತು. ಮುಳುಗಿದ ಊರಿಗೂ ಮಂಕಾಳಿಯ ಸಾವಿಗೂ ಕಂಪನಿ ಉತ್ತರ ಕೊಡಬೇಕು, ಗುಡ್ಡದ ಮೇಲೆ ಊರು ಕಟ್ಟಿಕೊಡಬೇಕು. ಹಾಳಾದ ಭತ್ತದ ಹೊಣೆ ಕಂಪನಿಯದಲ್ಲ. ಅರ್ಜಿಯ ಜೊತೆ ಸುಳ್ಳು ಪ್ರಮಾಣಪತ್ರ ಕೊಟ್ಟಿದ್ದಕ್ಕೆ ಊರಿನ ಹಿರಿಯರಿಗೆ ಎಚ್ಚರಿಕೆ. ಕಂಪನಿಯವರು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗುತ್ತೇವೆಂದು ಅಲ್ಲೇ ಹೇಳಿದರು. ಹೋಗಲಿ, ಎರಡು ಲೋಕವನ್ನೂ ಅಲ್ಲಿಗೇ ಹೊತ್ತುಕೊಂಡು ಬರುತ್ತೇವೆ ಎಂದರು ಫೆಲಿಕ್ಸ್. ಜಟ್ಟಿಯ ಬಗ್ಗೆ ತೀರ್ಪಿನಲ್ಲಿ ಒಂದೇ ಸಾಲು ಇತ್ತು. ಅವನ ತಪ್ಪನ್ನು ವಿಚಾರಿಸುವ ಅಧಿಕಾರ ಈ ಪೀಠಕ್ಕಿಲ್ಲ.

ಹಾಗಾದರೆ ಯಾವ ಪೀಠಕ್ಕೆ ಇದೆ ಎಂದು ಜಟ್ಟಿಗೆ ಕೇಳಬೇಕೆನಿಸಿತು.

ಹೊರಗೆ ಹಜಾರದಲ್ಲಿ ಊರವರು ಫೆಲಿಕ್ಸರನ್ನು ಸುತ್ತುವರಿದಿದ್ದರು. ಹಮ್ಮಣ್ಣ ತನ್ನ ಭತ್ತ ಹೋಯಿತೆಂದು ಗೊಣಗುತ್ತ, ಗುಡ್ಡದ ಮೇಲೆ ಯಾವ ಮಗ್ಗುಲಿಗೆ ನೀರಿದೆ ಎಂದು ಆಗಲೇ ಚರ್ಚೆ ಶುರುಮಾಡಿದ್ದ. ಜಟ್ಟಿ ಕಂಬದ ಪಕ್ಕ ಒಬ್ಬನೇ ನಿಂತಿದ್ದ. ರೋಹಿಣಿ ಚೀಲ ಹೊತ್ತು ಬಾಗಿಲಿನಿಂದ ಬಂದಾಗ ಬೀರಮ್ಮ ಅವಳಿಗೆ ಅಡ್ಡ ನಿಂತಳು. ಅತ್ತೆಯ ದನಿಯನ್ನು ಜಟ್ಟಿ ಕೇಳಿದ್ದು ಆ ಹನ್ನೊಂದು ದಿನಗಳಲ್ಲಿ ಅದೇ ಮೊದಲು.

"ಅಕ್ಕೋರೇ, ಆ ಇನ್ನೊಂದು ಲೋಕದಲ್ಲಿ ನನ್ನ ಮಗಳು ಮನೆಗೆ ಬಂತಾ?"

ಯಂತ್ರ ಮನುಷ್ಯರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ರೋಹಿಣಿ ಹೇಳಬಹುದಿತ್ತು. ಸಾವಿರ ಸಲ ಹೇಳಿದ ಮಾತು ಅದು. ಅವಳು ಚೀಲವನ್ನು ಬೆಂಚಿನ ಮೇಲಿಟ್ಟಳು.

"ನೀರು ಮೊಣಕಾಲಿನಷ್ಟಿತ್ತು, ಅಮ್ಮ. ನಡೆದು ಬರಬಹುದಿತ್ತು."

"ಬಂತು ಅನ್ನಿ."

"ಬಂದಳು," ಎಂದಳು ರೋಹಿಣಿ.

ಬೀರಮ್ಮ ಜಟ್ಟಿಯ ಕಡೆ ತಿರುಗಿದಳು.

"ಗದ್ದೆಗೆಲ್ಲ ಉಪ್ಪುನೀರು ನುಗ್ಗಿತ್ತು. ಹಮ್ಮಣ್ಣನ ಭತ್ತ ಹೋಗಿತ್ತು. ನನ್ನ ಮಗಳು ಸೀರೆ ಒದ್ದೆ ಮಾಡ್ಕಂಡು ಮನೆಗೆ ಬಂತು. ನೀನೂ ಕುಮಟೆಯಿಂದ ಬಂದೆ. ಎಂತ ಹೇಳ್ದೆ?"

ಆ ಲೋಕವನ್ನು ನೋಡಲು ಜಟ್ಟಿಗೆ ಯಂತ್ರ ಬೇಕಿರಲಿಲ್ಲ. ಬಾಗಿಲು, ದೀಪಾವಳಿಯ ದೀಪ, ಒದ್ದೆ ಸೆರಗು ಹಿಂಡುತ್ತ ನಿಂತ ಹೆಂಗಸು, ಒಳಗೆ ಕಾಲಿಡುವ ಮೊದಲೇ ತೆರೆದ ತನ್ನ ಬಾಯಿ, ಎಲ್ಲ ಕಾಣುತ್ತಿತ್ತು.

"ಬೈದೆ," ಎಂದ.

"ಎಂತ ಅಂತ?"

"ನೀರು ಬರೂದು ಕಂಡೂ ಹಲಗೆ ಇಳಿಸೂಕೆ ಆಗ್ಲಿಲ್ವಾ, ಕೈ ಮುರ್ದಿತ್ತಾ ಅಂತ ಬೈದೆ."

"ಅದು ಎಂತ ಹೇಳ್ತು?"

"ಎಂತ ಹೇಳ್ಲಿಲ್ಲ. ಸೀರೆ ಬದಲ್ಸಿ ಬಂದು ಅನ್ನ ಬಡಿಸ್ತು."

ಬೀರಮ್ಮ ತಲೆಯಾಡಿಸಿದಳು. ಬಹಳ ಹೊತ್ತು ಆಡಿಸಿದಳು.

"ಹೌದು," ಎಂದಳು. "ನನ್ನ ಮಗಳು ಹಾಗೇ."

ಕುಮಟೆಯ ಬಸ್ಸು ಬಂತು. ಒಂದೇ ಸೀಟು ಖಾಲಿ ಇತ್ತು. ಅದರಲ್ಲಿ ಬೀರಮ್ಮ ಕೂತಳು, ಕಿಟಕಿಯ ಕಡೆ ಮುಖ ಮಾಡಿ. ಜಟ್ಟಿ ಅವಳ ಪಕ್ಕದಲ್ಲಿ ಕಂಬಿ ಹಿಡಿದು ನಿಂತ, ಊರು ಬರುವ ತನಕ.